ಮಂಡಿ

ಎರಡು ತೋಳಿನ ಪ್ಲಾಸ್ಟಿಕ್ ಅಳತೆಗೋಲು.
ಒಂದು ತೋಳನ್ನು ತೊಡೆಗೆ, ಒಂದನ್ನು ಕಣಕಾಲಿಗೆ ಆನಿಸಿ
ನಡುವಿನ ತಿರುಪನ್ನು ಕೀಲಿನ ಮಗ್ಗುಲಿಗೆ ಒತ್ತಿ ಹಿಡಿದು
ಜೆಸಿಂತಾ ಹೇಳುತ್ತಾಳೆ:
ಮಡಿಸಿ ವೀರಭದ್ರಪ್ಪನವರೇ, ಇನ್ನೂ,
ಇನ್ನೊಂಚೂರು.

ಎಂಬತ್ತೊಂದು.
ಹೋದ ವಾರ ಎಪ್ಪತ್ತನಾಲ್ಕು.
ಏಳು ಡಿಗ್ರಿ ಸಂಪಾದನೆ ಒಂದೇ ವಾರಕ್ಕೆ,
ಎಸ್ಸೆಸ್ಸೆಲ್ಸಿ ದಾಟದವನಿಗೆ.

ಮಂಡಿಯಲ್ಲೇ ಸವೆಯಿತು ಮಂಡಿ ಅಂತ ಹೆಂಡತಿ ಆಡಿಕೊಳ್ಳುತ್ತಾಳೆ.
ಅದೂ ಕೂತು ಕೂತು, ಅಂತ ಸೇರಿಸುತ್ತಾಳೆ.

ಹಾಸನದ ದೊಡ್ಡಾಸ್ಪತ್ರೆ, ಹಿಂದಿನ ಉದ್ದ ಕೋಣೆ,
ನೆಲದಲ್ಲಿ ಕರಿ ರಬ್ಬರು ಹೊದ್ದ ಒಂದು ಹಲಗೆ.
ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಮಾಡಿಕೊಟ್ಟದ್ದಂತೆ.
ಅದು ಇದೆ ಅನ್ನೋದನ್ನೇ ಮರೆತು ನಡೀರಿ, ಅನ್ನುತ್ತಾಳೆ.
ಹೇಗೆ ಮರೆಯಲಿ ತಾಯಿ,
ಆಲೂಗಡ್ಡೆ ಮಂಡಿಗಳ ಎದುರು ಮೂವತ್ತನಾಲ್ಕು ವರ್ಷ
ಇಂಥದೇ ಹಲಗೆಯ ಪಕ್ಕ, ಕಿಟಕಿಯೊಳಗೆ ಕೂತವನು.
ಲಾರಿ ಹತ್ತುತ್ತಿತ್ತು. ಮುಳ್ಳು ತೊನೆದಾಡಿ ನಿಲ್ಲುತ್ತಿತ್ತು.
ತುಂಬಿದ ತೂಕ, ಬರಿ ತೂಕ, ಕಳೆದರೆ ಸರಕು;
ಡ್ರೈವರು ಒಳಗಿದ್ದಾನೋ ಇಳಿದಿದ್ದಾನೋ ನೋಡಿಕೊಂಡರೆ
ಮುಗಿಯಿತು ವಿದ್ಯೆ.
ಮಣ್ಣಿನ ಬಾಬ್ತು ಮೂಟೆಗೆ ಎರಡು ಕೇಜಿ ಸೂಟು,
ಅದನ್ನು ಬರೆದದ್ದೂ ಇದೇ ಕೈ.

ಈಗ ನಾನೇ ಲಾರಿ.
ವಾಕರು ಗೋಡೆಗೆ ಒರಗಿದೆ. ಎಡಗಾಲು. ಬಲಗಾಲು.
ಪರದೆಯ ಮೇಲೆ ಹಳೇ ಕಾಲಿಗೆ ಎರಡು ಗುಡ್ಡ, ನಡುವೆ ಕಣಿವೆ.
ಹೊಸ ಮಂಡಿಯದು ಬರಿ ಒಂದು ದಿಬ್ಬ,
ಹತ್ತುವಾಗಲೇ ಇಳಿಯುವ ಯೋಚನೆ ಅದಕ್ಕೆ.
ಭಾರ ಬಿಡ್ತಾ ಇಲ್ಲ ನೀವು ಇದರ ಮೇಲೆ, ಅಂದಳು.
ಹಿಡಿದೇಬಿಟ್ಟಳು ಹುಡುಗಿ
ನಾನು ಹೊಡೆದ ಸೂಟು.

ನನ್ನ ತೂಕ ಅರವತ್ತೆಂಟು.
ಕೀಲಿನೊಳಗಿನ ಲೆಕ್ಕ ಮಾತ್ರ ನೂರ ಅರವತ್ತು ಚಿಲ್ಲರೆ,
ಮೆಟ್ಟಿಲಿಳಿದರೆ ಇನ್ನೂರು ದಾಟುತ್ತದಂತೆ.
ಯಾವ ಕಾಟಾ ಒಪ್ಪೀತು ಇದನ್ನ?
ಮಿಕ್ಕಿದ್ದು ಯಾರದು,
ಯಾರು ಹತ್ತಿ ಕೂತಿದ್ದಾರೆ ನನ್ನ ಕ್ಯಾಬಿನ್ನಿನಲ್ಲಿ?

ಯಾರೂ ಇಲ್ಲ ಸಾರ್.
ನೀವು ಬೀಳದ ಹಾಗೆ ಎಳೆದು ಹಿಡಿಯೋ ಸ್ನಾಯುಗಳೇ
ಕೀಲನ್ನ ಒತ್ತೋದು.
ಮೂಟೆ ಜಾರದ ಹಾಗೆ ಹಗ್ಗ ಬಿಗೀತಾರಲ್ಲ, ಆ ಥರ.

ಹಗ್ಗ ಬಿಗಿಯುತ್ತಿದ್ದವನು ದ್ಯಾವಯ್ಯ.
ಲಾರಿಯ ಮೈಗೆ ಒಂದು ಕಾಲು ಕೊಟ್ಟು, ಹಿಂದಕ್ಕೆ ಬಾಗಿ,
ಹಲ್ಲುಕಚ್ಚಿ.
ಅದಕ್ಕೂ ಮುಂಚೆ ಅಡ್ಡಹಲಗೆ ಹತ್ತಿ ಹತ್ತಿ ಲೋಡು ಮಾಡಿದ್ದವನೂ ಅವನೇ,
ಬೆನ್ನಿನ ಮೇಲೆ ಐವತ್ತು ಕೇಜಿ, ದಿನಕ್ಕೆ ನೂರೈವತ್ತು ಸಲ.
ನಲವತ್ತಾರಕ್ಕೆ ಅವನ ಎರಡೂ ಮಂಡಿ ಹೋದವು.
ಅರಳೆಣ್ಣೆ ತಿಕ್ಕಿಕೊಂಡು ಗೇಟಿನ ಹತ್ತಿರ ಕೂರುತ್ತಿದ್ದ.
ಒಂದು ಮಧ್ಯಾಹ್ನ ಯಾರೂ ಇಲ್ಲದಾಗ
ಕುಂಟುತ್ತ ಬಂದು ಕಾಟಾದ ನಡುವೆ ನಿಂತ:
ನೋಡಿ ಬುದ್ಧಿ, ನಾನೆಷ್ಟಿದೀನಿ?
ಲಾರಿಗೆಂದು ಮಾಡಿದ ಮುಳ್ಳು, ಹಳೇದು ಬೇರೆ,
ಅಲುಗಲಿಲ್ಲ.
ಬಿಡಿ ಬುದ್ಧಿ, ಬರಿ ತೂಕದಲ್ಲೇ ಹೋಗಿದೀನಿ
ಅಂದು ನಕ್ಕು ಇಳಿದ.
ನಾನೂ ನಕ್ಕೆ. ಟೀ ಹೇಳಿದೆ ಅಂತ ನೆನಪು,
ಹೇಳದೆಯೂ ಇದ್ದಿರಬಹುದು.

ವ್ಯಾಯಾಮದ ಚೀಟಿಯ ಹಿಂಬದಿಗೆ ಲೆಕ್ಕ ಹಾಕುತ್ತೇನೆ:
ಅವನ ಮೈ, ಅವನ ಮೂಟೆ, ಸೇರಿ ನೂರು,
ಅದರ ಎರಡೂವರೆ ಪಟ್ಟು, ಹಲಗೆ ಹತ್ತುವಾಗ ಇನ್ನೂ ಜಾಸ್ತಿ,
ಇಂಟು ನೂರೈವತ್ತು, ಇಂಟು
ಕಾಗದ ಮುಗಿಯಿತು.

ಇನ್ನೊಂದ್ಸಲ ಬನ್ನಿ ಸಾರ್, ಬಾಗಿಲಿಂದ.
ನಡೆದೆ. ಹಲಗೆ ಬಂತು.
ಈ ಸಲ ಬಿಟ್ಟೆ, ಇದ್ದಷ್ಟನ್ನೂ.
ಕಣ್ಣಲ್ಲಿ ನೀರು ಬಂತು, ಅದು ನೋವಿಗೆ,
ಬೇರೇನೂ ಅಂದುಕೊಳ್ಳಬೇಡಿ.
ಹೂಂ, ಈಗ ಬಂತು ನೋಡಿ ಪೂರಾ, ಅಂದಳು ಜೆಸಿಂತಾ
ಪರದೆಯಿಂದ ಕಣ್ಣೆತ್ತದೆ.

ನಾನು ಕೈ ಚಾಚಿಕೊಂಡು ನಿಂತೇ ಇದ್ದೆ,
ಲಾರಿಯವರು ನಿಲ್ಲುತ್ತಿದ್ದ ಹಾಗೆ,
ಚೀಟಿಗೆ.